ಗಿಟಾರಿನ ಹೊಟ್ಟೆಯೊಳಗೆ ಟಾರ್ಚ್ ಬಿಟ್ಟು

ಹಳೇ ಗಿಟಾರ್ ನೋಡಲು ಹೋಗುವಾಗ ನನ್ನ ಜೇಬಿನಲ್ಲಿ ಮೂರು ಸಾಮಾನು ಇರುತ್ತವೆ. ಪುಟ್ಟ ಟಾರ್ಚು, ಹಲ್ಲಿನ ಡಾಕ್ಟರು ಬಾಯಿಗೆ ಹಾಕಿ ನೋಡುವಂಥ ಕನ್ನಡಿ, ಒಂದು ಸ್ಟೀಲ್ ಸ್ಕೇಲು. ಮಾರುವವರು ಯಾವಾಗಲೂ ಮೊದಲು "ನುಡಿಸಿ ನೋಡಿ" ಅನ್ನುತ್ತಾರೆ. ನಾನು ನುಡಿಸುವುದು ಕೊನೆಗೆ. ಮೊದಲೇ ನುಡಿಸಿದರೆ ಮನಸ್ಸು ಸೋತುಬಿಡುತ್ತದೆ. ಆಮೇಲೆ ಬಿರುಕು ಕಂಡರೂ ಕಾಣದ ಹಾಗೆ ಇದ್ದುಬಿಡುತ್ತೇವೆ.

ನಾನು ತೀರ್ಥಹಳ್ಳಿ ಕಡೆಯವನು. ಈಗ ಇರುವುದು ನ್ಯೂಜೆರ್ಸಿಯಲ್ಲಿ. ಬೆಂಗಳೂರಿನಲ್ಲಿ ಓದುವಾಗ ಬಳೇಪೇಟೆಯಲ್ಲಿ ಕೊಂಡ ಗಿವ್ಸನ್ ನನ್ನ ಮೊದಲ ಗಿಟಾರ್. ಕೋಲ್ಕತ್ತಾದ ಕಂಪನಿಯದು. ಹಾಸ್ಟೆಲಿಗೆ ಬಂದವರೆಲ್ಲ ಅದನ್ನು ಅಮೆರಿಕದ ಹೆಸರಾಂತ ಗಿಬ್ಸನ್ ಅಂತ ಓದಿಕೊಂಡು ಹುಬ್ಬೇರಿಸುತ್ತಿದ್ದರು. ನಾನೂ ತಿದ್ದಲು ಹೋಗುತ್ತಿರಲಿಲ್ಲ ಬಿಡಿ. ಇಲ್ಲಿಗೆ ಬಂದ ಮೇಲೆ ನೋಡಿದರೆ ಈ ಹೆಸರಿನ ಆಟ ಎಲ್ಲ ಕಡೆಯೂ ಇದೆ. 1970ರ ದಶಕದ ಜಪಾನಿನ ಟಾಕಮಿನೆ ಗಿಟಾರಿನ ತಲೆಯ ಮೇಲಿನ ಹೆಸರನ್ನು ಸ್ವಲ್ಪ ದೂರದಿಂದ ನೋಡಿ. ಅಮೆರಿಕದ ಇನ್ನೊಂದು ದೊಡ್ಡ ಕಂಪನಿ ಮಾರ್ಟಿನ್ ಅಂತಲೇ ಓದುತ್ತೀರಿ. ಅಕ್ಷರದ ಬಳುಕು ಹಾಗೇ ಇದೆ. ಗಿಟಾರ್ ಒಳ್ಳೆಯದೇ, ಆ ಮಾತು ಬೇರೆ. ಆದರೆ ತಲೆಯ ಮೇಲೆ ಬರೆದ ಹೆಸರಿಗೆ ದುಡ್ಡು ಕೊಡಬಾರದು ಅನ್ನುವುದು ನನಗೆ ಅಲ್ಲಿಂದಲೇ ಮನದಟ್ಟಾಯಿತು.

ಇಲ್ಲಿ ಕೊಂಡ ಮೊದಲ ಹಳೇ ಗಿಟಾರ್ ಯಮಹಾ ಎಫ್‌ಜಿ-180. ಯಾರೋ ಮನೆ ಖಾಲಿ ಮಾಡುವಾಗ ಅಂಗಳದಲ್ಲಿ ಸಾಮಾನು ಹರಡಿ ಮಾರುತ್ತಿದ್ದರು, ಅದರಲ್ಲಿ ಇದೂ ಒಂದು. ಈ ಮಾಡೆಲ್ ಶುರುವಾದದ್ದು 1966ರಲ್ಲಿ. ಸೌಂಡ್ ಹೋಲಿನಿಂದ, ಅಂದರೆ ಹೊಟ್ಟೆಯ ದುಂಡು ತೂತಿನಿಂದ, ಬಗ್ಗಿ ನೋಡಿದರೆ ಒಳಗೆ ಕೆಂಪು ಚೀಟಿ, ಅದರ ಮೇಲೆ ನಿಪ್ಪಾನ್ ಗಾಕ್ಕಿ ಅನ್ನುವ ಹೆಸರು. ಯಮಹಾ ಕಂಪನಿಯ ಆಗಿನ ಹೆಸರೇ ಅದು. ಕೆಂಪು ಚೀಟಿ ಇದ್ದರೆ ಜಪಾನಿನಲ್ಲೇ ಮಾಡಿದ್ದು ಅಂತ ಲೆಕ್ಕ. ಆಮೇಲೆ ಚೀಟಿಯ ಬಣ್ಣವೂ ಬದಲಾಯಿತು, ತೈವಾನಿನಲ್ಲಿ ಮಾಡಿದವೂ ಬಂದವು.

ಒಳಗೆ ಮಸಿಯಲ್ಲಿ ಒತ್ತಿದ ಒಂದು ತಾರೀಖು ಇತ್ತು. 45ರಿಂದ ಶುರು. ಪಕ್ಕದಲ್ಲಿ ನಿಂತು ನೋಡುತ್ತಿದ್ದವರೊಬ್ಬರು "1945ರದ್ದು!" ಅಂತ ಕಣ್ಣರಳಿಸಿದರು. 1945ರಲ್ಲಿ ಈ ಮಾಡೆಲ್ ಎಲ್ಲಿತ್ತು? ಅದು ಜಪಾನಿನ ಶೋವಾ ಶಕೆ. 1926 ಮೊದಲನೇ ವರ್ಷ, ಹಾಗಾಗಿ 1925 ಕೂಡಿಸಬೇಕು. ಪಂಚಾಂಗದ ಶಾಲಿವಾಹನ ಶಕೆಗೆ 78 ಕೂಡಿಸಿ ಇಸವಿ ತೆಗೆಯುವವರಿಗೆ ಇದೇನು ಮಹಾ ಅಲ್ಲ. 45 ಅಂದರೆ 1970.

ಅದರಲ್ಲೇ ಇನ್ನೊಂದು ಉಪಾಯ ಕಲಿತೆ. ಹಿಂಭಾಗದ ಮರದಲ್ಲಿ ಎದ್ದು ಕಾಣುವ ಒಂದು ಗೆರೆಯನ್ನೋ ಗಂಟನ್ನೋ ಹೊರಗೆ ಗುರುತು ಮಾಡಿಕೊಳ್ಳಿ. ಆಮೇಲೆ ಟಾರ್ಚ್ ಹಾಕಿ ಒಳಗೆ ಅದೇ ಜಾಗದಲ್ಲಿ ಹುಡುಕಿ. ಒಳಗೂ ಅದೇ ಗೆರೆ ಇದ್ದರೆ ಇಡೀ ಹಲಗೆ. ಒಳಗೆ ಬೇರೆಯದೇ ಮರ ಕಂಡರೆ ಪ್ಲೈವುಡ್ ಥರ ಪದರ ಅಂಟಿಸಿದ್ದು. ಎಫ್‌ಜಿ-180 ಪದರದ್ದೇ. ಹಾಗಂತ ಅದು ಕಡಿಮೆಯದು ಅಂತಲ್ಲ. ನ್ಯೂಜೆರ್ಸಿಯ ಚಳಿಗಾಲದಲ್ಲಿ ಹೀಟರ್ ಹಾಕಿ ಮನೆಯ ಗಾಳಿ ಒಣಗಿ ಹಪ್ಪಳವಾದಾಗ ಇಡೀ ಹಲಗೆಯ ಗಿಟಾರುಗಳು ಬಿರಿಯುತ್ತವೆ. ಯಮಹಾ ಮಾತ್ರ ಏನೂ ಆಗದವರ ಹಾಗೆ ಮೂಲೆಯಲ್ಲಿ ನಿಂತಿರುತ್ತದೆ.

ಅದಾದ ಮೇಲೆ ಹುಚ್ಚು ಹಿಡಿಯಿತು. ಗಿಬ್ಸನ್ ಕಡೆ ಕೈ ಹಾಕಿ ನೋಡಿದೆ. 1977ರಿಂದ 2005ರ ನಡುವಿನ ಹೆಚ್ಚಿನ ಗಿಬ್ಸನ್‌ಗಳಾದರೆ ಸುಲಭ. ತಲೆಯ ಹಿಂದೆ ಎಂಟು ಅಂಕಿ ಇರುತ್ತದೆ. ಮೊದಲನೆಯದು, ಐದನೆಯದು ಸೇರಿದರೆ ಇಸವಿ. ನಡುವಿನ ಮೂರು ಅಂಕಿ ವರ್ಷದ ಎಷ್ಟನೇ ದಿನ ಅನ್ನುವುದು. ಆದರೆ 1960ರ ದಶಕದ ನಂಬರುಗಳನ್ನು ಒಂದಕ್ಕಿಂತ ಹೆಚ್ಚು ಸಲ ಬಳಸಿದ್ದಾರೆ. ಒಂದೇ ನಂಬರಿಗೆ ಎರಡು ಇಸವಿ. ಆಗ ನಟ್, ಅಂದರೆ ತಲೆಯ ಬುಡದಲ್ಲಿ ತಂತಿಗಳು ಹಾದುಹೋಗುವ ಪುಟ್ಟ ಪಟ್ಟಿ, ಅದರ ಅಗಲ ಅಳೆಯಬೇಕು. 1965ರಲ್ಲಿ ಅದನ್ನು ಕಿರಿದು ಮಾಡಿದರು. ತಲೆಯ ಹಿಂದೆ ಅಮೆರಿಕದಲ್ಲಿ ತಯಾರಾದದ್ದು ಅಂತ ಒತ್ತಿದ್ದರೆ 1970 ಅಥವಾ ಆಮೇಲಿನದು. ಹೀಗೆ ಒಂದೊಂದೇ ಸಾಕ್ಷಿ ಹಿಡಿದು ಕಟ್ಟಬೇಕು. ಮಜಾ ಇದೆ, ಆದರೆ ತಲೆ ಬಿಸಿ.

ಮಾರ್ಟಿನ್ ಹಾಗಲ್ಲ. ಜರ್ಮನಿಯ ಮಾರ್ಕ್‌ನಾಯ್‌ಕಿರ್ಷೆನ್‌ನಿಂದ ಬಂದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ 1833ರಲ್ಲಿ ನ್ಯೂಯಾರ್ಕಿನಲ್ಲಿ ಅಂಗಡಿ ಹಾಕಿದವರು. ಕೆಲವೇ ವರ್ಷದಲ್ಲಿ ಪೆನ್ಸಿಲ್ವೇನಿಯಾದ ನಾಜರೆತ್ ಊರಿಗೆ ಹೋದರು. ಕಂಪನಿ ಈಗಲೂ ಅಲ್ಲೇ ಇದೆ. 1898ರಲ್ಲಿ ಕಂಪನಿಯವರು ಗಿಟಾರುಗಳಿಗೆ ನಂಬರ್ ಹಾಕಲು ಶುರು ಮಾಡಿದರು. ಎಂಟು ಸಾವಿರದಿಂದ ಹಿಡಿದು ಒಂದೇ ಸಾಲು. 2004ರಲ್ಲಿ ಹತ್ತು ಲಕ್ಷ ಮುಟ್ಟಿತು. ಯಾವ ವರ್ಷ ಯಾವ ನಂಬರಿಗೆ ಮುಗಿಯಿತು ಅನ್ನುವ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಪಹಣಿ ನೋಡಿದಷ್ಟು ಸಲೀಸು. ಅದಕ್ಕೇ ನಾನು ಮಾರ್ಟಿನ್ ಹಿಂದೆ ಬಿದ್ದೆ.

ನಮ್ಮ ಮನೆಯಿಂದ ಒಂದು ಗಂಟೆ ದಾರಿಯಲ್ಲಿ ಹಳೇ ವಾದ್ಯಗಳ ಅಂಗಡಿ ಇದೆ. ಅಲ್ಲಿ ಗೋಡೆಗೆ ಮಾರ್ಟಿನ್ ಕಂಪನಿಯ ಡಿ-28 ಅನ್ನುವ ಮಾಡೆಲ್ ಒಂದನ್ನು ನೇತುಹಾಕಿದ್ದರು. ಕಟ್ಟಿದ ಚೀಟಿಯಲ್ಲಿ "1969, ಬ್ರೆಜಿಲಿಯನ್ ರೋಸ್‌ವುಡ್" ಅಂತ ಇತ್ತು. ಈ ಎರಡು ಪದಕ್ಕೆ ಬೆಲೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಯಾಕೆ ಅಂದರೆ, ಡಿ-28ರ ಹಿಂಭಾಗಕ್ಕೂ ಪಕ್ಕಗಳಿಗೂ ಮಾರ್ಟಿನ್ ಬ್ರೆಜಿಲ್ ಮರ ಹಾಕುತ್ತಿದ್ದದ್ದು 1969ರವರೆಗೆ. ಬ್ರೆಜಿಲ್ ಸರ್ಕಾರ ದಿಮ್ಮಿಗಳನ್ನು ಹೊರಗೆ ಕಳಿಸುವುದನ್ನು ನಿಲ್ಲಿಸಿತು. ಮಾರ್ಟಿನ್ ಭಾರತದ ರೋಸ್‌ವುಡ್‌ಗೆ ತಿರುಗಿತು. ಭಾರತದ ರೋಸ್‌ವುಡ್ ಅಂದರೆ ನಮ್ಮ ಬೀಟೆ. ನಮ್ಮೂರ ಕಾಡಿನಲ್ಲಿ, ಕಾಫಿ ತೋಟದ ನೆರಳಿನಲ್ಲಿ ಇರುವ ಅದೇ ಮರ.

ಟಾರ್ಚ್ ತೆಗೆದೆ. ಮಾರ್ಟಿನ್‌ನಲ್ಲಿ ನಂಬರ್ ಇರುವುದು ಒಳಗೆ, ನೆಕ್, ಅಂದರೆ ಗಿಟಾರಿನ ಕುತ್ತಿಗೆ, ಬಂದು ಸೇರುವ ಮರದ ದಿಮ್ಮಿಯ ಮೇಲೆ. ಅಲ್ಲೇ ಮಾಡೆಲ್ ಹೆಸರೂ ಒತ್ತಿರುತ್ತದೆ. ತಂತಿಗಳ ನಡುವೆ ಬೆಳಕು ಬಿಟ್ಟು, ತಲೆ ಓರೆ ಮಾಡಿ ಓದಿದೆ. 26ರಿಂದ ಶುರುವಾಗುವ ಆರಂಕಿ. ಪಟ್ಟಿಯ ಪ್ರಕಾರ 1969 ಮುಗಿದದ್ದು 256003ಕ್ಕೆ. 1970 ಮುಗಿದದ್ದು 271633ಕ್ಕೆ. ಅಂದರೆ ಇದು 1970ರದ್ದು. ಬ್ರೆಜಿಲ್ ಮರದ ಕಾಲ ಕಳೆದ ಮೇಲಿನದು.

ಅಂಗಡಿಯವರಿಗೆ ಪಟ್ಟಿ ತೋರಿಸಿದೆ. ಅವರು "ಕೊಟ್ಟವರು ಹಾಗೆ ಹೇಳಿದರು, ಮರ ನೋಡಿ, ಎಷ್ಟು ಕಪ್ಪಗಿದೆ" ಅಂದರು. ಕಪ್ಪಗಿತ್ತು ನಿಜ. ಬೀಟೆ ಹೊಸದಾಗಿ ಕೊಯ್ದಾಗ ನೇರಳೆ ಬಣ್ಣ ಹೊಡೆಯುತ್ತದೆ, ವರ್ಷ ಕಳೆದಂತೆ ಕಂದಾಗುತ್ತದೆ. ಮೇಲೆ ಪಾಲಿಶ್ ಬೇರೆ. ಹೊರಗಿನಿಂದ ನೋಡಿದರೆ ಯಾರಿಗಾದರೂ ಗೊಂದಲ ಆಗುತ್ತದೆ. ಒಳಗೆ ಪಾಲಿಶ್ ಇರುವುದಿಲ್ಲ, ಬಿಸಿಲೂ ಬಿದ್ದಿರುವುದಿಲ್ಲ. ಅದಕ್ಕೇ ಕನ್ನಡಿ. ಅದನ್ನು ಓರೆಯಾಗಿ ಹಿಡಿದು ಹಿಂಭಾಗದ ಒಳಮೈ ನೋಡಿದೆ. ನೇರವಾದ ಗೆರೆಗಳು, ಒಂದರ ಪಕ್ಕ ಒಂದು, ಒಂದೇ ಸಮ. ಬರಿಗಣ್ಣಿಗೆ ಕಾಣುವಷ್ಟು ದೊಡ್ಡ ರಂಧ್ರಗಳು. ನಡುನಡುವೆ ಇನ್ನೂ ಮಾಸದ ನೇರಳೆ. ಬ್ರೆಜಿಲ್ ಮರದ ಕಳೆಯೇ ಬೇರೆ. ಕಿತ್ತಳೆ ಮಿಶ್ರಿತ ಕಂದು, ಅದರ ಮೇಲೆ ಯಾರೋ ಮಸಿ ಪೆನ್ನಿನಲ್ಲಿ ಮನಸ್ಸಿಗೆ ಬಂದ ಹಾಗೆ ಗೀಚಿದಂಥ ಕಪ್ಪು ಗೆರೆಗಳು.

ನಂಬರು, ಮರ ಎರಡೂ ಒಂದೇ ಮಾತು ಹೇಳುತ್ತಿದ್ದವು. ಆದರೂ ನನಗೊಂದು ಚಪಲ. ಹಿಂಭಾಗದ ಫೋಟೊ ತೆಗೆದು ಊರಿಗೆ, ದೊಡ್ಡಪ್ಪನಿಗೆ ಕಳಿಸಿದೆ. ಅವರು ಬಹಳ ಕಾಲ ಮರದ ಮಿಲ್ಲಿನಲ್ಲಿ ಲೆಕ್ಕ ಬರೆದವರು. ಅಲ್ಲಿ ಆಗ ರಾತ್ರಿ. ಆದರೂ ಕೂಡಲೇ ಫೋನ್ ಬಂತು.

"ಎಂತದೋ ಇದು, ಬೀಟೆ ಅಲ್ವೇನೋ?"

"ಹೌದು ದೊಡ್ಡಪ್ಪ. ಹೆಂಗೆ ಗೊತ್ತಾಯ್ತು?"

"ಗೊತ್ತಾಗ್ದೆ ಎಂತ? ನೀನು ಹುಟ್ಟಿದಾಗ ಮಲಗ್ಸಿದ ಮಂಚ ಇದೇ ಮರದ್ದು. ಅಷ್ಟಿರ್ಲಿ, ಇದಕ್ಕೆ ಪರ್ಮಿಟ್ ಇದೆಯೇನೋ?"

ಮಲೆನಾಡಿನವರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಾಗಿಲ್ಲ. ಸ್ವಂತ ಜಮೀನಿನಲ್ಲಿ ನಿಂತ ಬೀಟೆಯನ್ನೂ ಅರಣ್ಯ ಇಲಾಖೆ ಕೇಳದೆ ಕಡಿಯುವ ಹಾಗಿಲ್ಲ. ನಾನು ನಗುತ್ತಾ ಫೋನಿಟ್ಟೆ. ಆದರೆ ಅವರು ಕೇಳಿದ್ದು ತಮಾಷೆಯ ಪ್ರಶ್ನೆಯಾಗಿರಲಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಇಸವಿ ಗೊತ್ತಾದ ಮೇಲೆ ಉಳಿದದ್ದು ಗಿಟಾರಿನ ಆರೋಗ್ಯ. ಒಂದೊಂದೇ ಭಾಗ ನೋಡುತ್ತಾ ಹೋದೆ. ಎಲ್ಲವೂ 1970ರ ಕಾಲಕ್ಕೆ ಸರಿಯಾಗಿಯೇ ಇದ್ದವು. ಪಿಕ್‌ಗಾರ್ಡ್, ಅಂದರೆ ಮೀಟುವಾಗ ಮರ ಗೀಚದ ಹಾಗೆ ಅಂಟಿಸುವ ಪ್ಲಾಸ್ಟಿಕ್ ಹಾಳೆ, ಕಪ್ಪು. 1960ರ ದಶಕದ ನಡುವಿನವರೆಗೆ ಅದು ಆಮೆ ಚಿಪ್ಪಿನ ಬಣ್ಣದ್ದಿತ್ತು. ತಲೆಯ ಮೂಲೆಗಳು ಸ್ವಲ್ಪ ದುಂಡಗೆ. ಹಿಂದಿನವು ಚೂಪಾಗಿರುತ್ತಿದ್ದವು. ತಂತಿಗಳ ಬುಡ ಸಿಕ್ಕಿಸುವ ಬ್ರಿಡ್ಜಿನ ಕೆಳಗೆ, ಒಳಗಡೆ, ದೊಡ್ಡದೊಂದು ರೋಸ್‌ವುಡ್ ಪಟ್ಟಿ. 1960ರ ದಶಕದ ಕೊನೆಗೆ ಮುಂಚೆ ಅಲ್ಲಿ ಮೇಪಲ್ ಮರದ ಚಿಕ್ಕ ಪಟ್ಟಿ ಇರುತ್ತಿತ್ತು. ಯಾರೂ ಬಿಡಿಭಾಗ ಬದಲಿಸಿಲ್ಲ ಅಂತ ಧೈರ್ಯ ಬಂತು. ಪಿಕ್‌ಗಾರ್ಡ್ ಪಕ್ಕ ಕೂದಲೆಳೆಯಂಥ ಒಂದು ಬಿರುಕು ಇತ್ತು. ಅಂಥ ಪ್ಲಾಸ್ಟಿಕ್ ವಯಸ್ಸಾದಂತೆ ಕುಗ್ಗುತ್ತದೆ, ಜೊತೆಗೆ ಮರವನ್ನೂ ಎಳೆಯುತ್ತದೆ. ಯಾರೋ ಒಳ್ಳೆ ಕೈಯವರು ಹಿಂದೆಯೇ ಅದನ್ನು ಅಂಟಿಸಿದ್ದರು.

ಕೊನೆಗೆ ಸ್ಟೀಲ್ ಸ್ಕೇಲು. ನೆಕ್ಕಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳ, ಅಂದರೆ ಫ್ರೆಟ್‌ಗಳ, ಮೇಲೆ ಉದ್ದಕ್ಕೆ ಇಟ್ಟು ಬ್ರಿಡ್ಜಿನ ಕಡೆ ತಳ್ಳಬೇಕು. ಸ್ಕೇಲಿನ ತುದಿ ಬ್ರಿಡ್ಜಿನ ಮೇಲ್ಮೈಗೆ ಸರಿಯಾಗಿ ತಾಗಿದರೆ ನೆಕ್ ಚೆನ್ನಾಗಿದೆ ಅಂತ ಅರ್ಥ. ಇಲ್ಲಿ ತುದಿ ಬ್ರಿಡ್ಜಿನ ಎದೆಗೆ ಹೋಗಿ ಗುದ್ದಿತು. ಆರು ತಂತಿಗಳು ಸೇರಿ ಎಳೆಯುವುದು 70 ಕೆಜಿಗೂ ಜಾಸ್ತಿ. ಐವತ್ತು ವರ್ಷ ಹಗಲೂ ರಾತ್ರಿ ಎಳೆದರೆ ಯಾವ ಮರವಾದರೂ ಬಗ್ಗುತ್ತದೆ. ಈಗಿನ ಗಿಟಾರಿನಲ್ಲಿ ನೆಕ್ ಒಳಗೆ ತಿರುಗಿಸುವ ರಾಡ್ ಇರುತ್ತದೆ. ಮಾರ್ಟಿನ್ ಅದನ್ನು ಹಾಕಿದ್ದು 1985ರಿಂದ. 1970ರದ್ದರಲ್ಲಿ ತಿರುಗಿಸದ ಉಕ್ಕಿನ ಕೊಳವೆ ಅಷ್ಟೇ. ರಾಡ್ ಇದ್ದರೂ ಅದು ನೆಕ್ಕಿನ ಬಾಗು ಸರಿ ಮಾಡುತ್ತದೆ, ನೆಕ್ ದೇಹಕ್ಕೆ ಕೂತ ಕೋನವನ್ನಲ್ಲ. ಅದಕ್ಕೆ ನೆಕ್ ಬಿಚ್ಚಿ ಮತ್ತೆ ಕೂರಿಸಲೇಬೇಕು.

ಆಮೇಲೆ ನುಡಿಸಿದೆ. ತಂತಿ ಎತ್ತರದಲ್ಲಿದ್ದು ಬೆರಳು ನೋವಾಯಿತು. ಆದರೂ ಕೆಳಗಿಡಲು ಮನಸ್ಸಾಗಲಿಲ್ಲ. ಚೌಕಾಸಿ ನಡೆಯಿತು. 1970ರ ಬೆಲೆಗೆ, ಅದರಲ್ಲೂ ನೆಕ್ ರಿಪೇರಿಯ ಖರ್ಚು ಕಳೆದು ಕೊಟ್ಟರು. ಮನೆಯಲ್ಲಿ ಹೆಂಡತಿ "ಇದು ಕೊನೇದು ಅಲ್ವಾ?" ಅಂದಳು. ಹೌದು ಅಂದೆ.

ರಿಪೇರಿ ಮಾಡಿದವರು ಪೆನ್ಸಿಲ್ವೇನಿಯಾದ ಒಬ್ಬ ಹಿರಿಯರು. ಮನೆಯ ಗ್ಯಾರೇಜಿನಲ್ಲೇ ಕೆಲಸ. ನೋಡುತ್ತಾ ಕೂರಬಹುದಾ ಅಂತ ಕೇಳಿದೆ, ಮಾತಾಡದೆ ಒಂದು ಸ್ಟೂಲು ಎಳೆದು ಕೊಟ್ಟರು. ಮೊದಲು ಹದಿನೈದನೇ ಫ್ರೆಟ್ಟನ್ನು ಬಿಸಿ ಮಾಡಿ ಕಿತ್ತರು. ಆ ಸೀಳಿನಲ್ಲಿ ಸಣ್ಣ ತೂತು ಕೊರೆದರು. ಅದರ ಕೆಳಗೇ ನೆಕ್ಕು ದೇಹಕ್ಕೆ ಕಚ್ಚಿಕೊಂಡಿರುವ ಜೋಡಣೆ. ಹಿಂಭಾಗದ ಕಡೆಗೆ ಕಿರಿದಾಗುತ್ತಾ ಹೋಗುವ ನಾಲಿಗೆ, ಅದಕ್ಕೆ ಸರಿಯಾದ ಗೂಡು. ಬಿಸಿ ಮಾಡಿದ ತೆಳು ಚಾಕು ತೂರಿಸಿ, ಟಾಪಿನ, ಅಂದರೆ ಮುಂಭಾಗದ ಹಲಗೆಯ, ಮೇಲೆ ಮಲಗಿದ್ದ ಫಿಂಗರ್‌ಬೋರ್ಡಿನ (ಬೆರಳೊತ್ತುವ ಪಟ್ಟಿಯ) ತುದಿಯನ್ನು ಬಿಡಿಸಿದರು. ಆಮೇಲೆ ಕಾಫಿ ಯಂತ್ರದ ಹಬೆ. ಒಂದು ರಬ್ಬರ್ ಪೈಪು, ಅದರ ತುದಿಗೆ ಸೂಜಿ, ಸೂಜಿ ಆ ತೂತಿಗೆ. ಹಬೆ ಹೋಗುತ್ತಾ ಹೋಗುತ್ತಾ ಹಳೇ ಅಂಟು ಕರಗಿತು. ಗ್ಯಾರೇಜೆಲ್ಲ ಹಸಿ ಮರದ ವಾಸನೆ. ನೆಕ್ಕಿನ ಬುಡವನ್ನು ಮೇಲೆ ಒತ್ತುವ ಒಂದು ಸ್ಕ್ರೂ ಚೌಕಟ್ಟು ಕಟ್ಟಿದ್ದರು. ಅದನ್ನು ಕಾಲು ಸುತ್ತು ತಿರುಗಿಸಿದಾಗ "ಟಕ್" ಅಂದಿತು. ನನ್ನ ಎದೆ ಧಸಕ್ಕೆಂದಿತು. ಅವರು ನೆಕ್ಕನ್ನು ಕೈಗೆ ತೆಗೆದುಕೊಂಡು ನನ್ನ ತೊಡೆಯ ಮೇಲಿಟ್ಟರು.

ಮರ ಒಣಗಲು ಬಿಟ್ಟು, ಆಮೇಲೆ ಬುಡದ ಕೆನ್ನೆಗಳನ್ನು ಉಳಿಯಿಂದ ಕೆರೆದರು. ಎಷ್ಟು ಕೆರೆಯುತ್ತಾರೆ ಅಂತೀರಿ? ಮೇಲ್ಭಾಗದಲ್ಲಿ ಏನೂ ಇಲ್ಲ, ಕೆಳಗೆ ಬರುತ್ತಾ ಒಂದು ರಟ್ಟಿನಷ್ಟು. ಅಷ್ಟಕ್ಕೇ ಆ ಕಡೆ ತುದಿಯಲ್ಲಿ ಕೋನ ಬದಲಾಗುತ್ತದೆ. ಕೂರಿಸಿ ನೋಡುವುದು, ತೆಗೆಯುವುದು, ಬುಡಕ್ಕೂ ದೇಹಕ್ಕೂ ನಡುವೆ ಮರಳು ಕಾಗದ ಸಿಕ್ಕಿಸಿ ಎಳೆಯುವುದು, ಮತ್ತೆ ಕೂರಿಸುವುದು. ಈ ಕೆಲಸ ಯಂತ್ರದಿಂದ ಆಗುವಂಥದ್ದಲ್ಲ ಅನ್ನುವುದು ನನ್ನ ಅನಿಸಿಕೆ. ಸಡಿಲವಾದ ಕಡೆ ತೆಳು ಮರದ ಚಕ್ಕೆ ಕೊಟ್ಟು, ಅಂಟು ಹಾಕಿ ಬಿಗಿದರು. ಗಿಟಾರ್ ಕೈಗೆ ಬಂದಾಗ ಮೊದಲು ಸ್ಕೇಲು ಇಟ್ಟೆ. ತುದಿ ಬ್ರಿಡ್ಜಿನ ಮೇಲೆ ಸರಿಯಾಗಿ ಕೂತಿತು.

ಈಗ ಹೋಲಿಸಿ ನೋಡುವ ಸರದಿ. ಹಾಸನದ ಗೆಳೆಯನೊಬ್ಬ ಹತ್ತಿರದಲ್ಲೇ ಇದ್ದಾನೆ. ಅವನ ಹತ್ತಿರ ಹೊಸ ಡಿ-28 ಇದೆ, 2017ರಲ್ಲಿ ಮಾರ್ಟಿನ್ ಆ ಮಾಡೆಲನ್ನು ತಿದ್ದಿದ ಮೇಲಿನದು. ಇಬ್ಬರೂ ಎರಡನ್ನೂ ಹಿಡಿದುಕೊಂಡು ನಾಜರೆತ್‌ಗೂ ಹೋಗಿ ಬಂದೆವು. ಕಾರ್ಖಾನೆಯ ಜೊತೆಗೆ ಮ್ಯೂಸಿಯಂ ಇದೆ. ಹತ್ತೊಂಬತ್ತನೇ ಶತಮಾನದ ಸಣ್ಣ ಗಿಟಾರುಗಳಿಂದ ಹಿಡಿದು ಸಾಲಾಗಿ ಜೋಡಿಸಿಟ್ಟಿದ್ದಾರೆ. ಅವುಗಳ ಪಕ್ಕದಲ್ಲಿ ಡ್ರೆಡ್‌ನಾಟ್ ಅನ್ನುವ ಈ ಅಗಲ ಹೊಟ್ಟೆಯ ಆಕಾರ ಎಷ್ಟು ದೊಡ್ಡದು ಅನ್ನುವುದು ಎದ್ದು ಕಾಣುತ್ತದೆ. 1916ರಲ್ಲಿ ಬೋಸ್ಟನ್ನಿನ ಆಲಿವರ್ ಡಿಟ್ಸನ್ ಕಂಪನಿಗೆ ಮಾಡಿಕೊಟ್ಟ ಆಕಾರ ಅದು. ಮಾರ್ಟಿನ್ ತನ್ನ ಹೆಸರಿನಲ್ಲಿ ಮಾರಲು ಶುರು ಮಾಡಿದ್ದು 1931ರಲ್ಲಿ. ಆಗಿನ ಯುದ್ಧನೌಕೆಯ ಹೆಸರನ್ನೇ ಇಟ್ಟರು. ಈಗ ಅಂಗಡಿಗೆ ಹೋಗಿ ಸುಮ್ನೆ ಅಕೂಸ್ಟಿಕ್ ಗಿಟಾರ್ ಕೊಡಿ ಅಂದರೆ ಹೆಚ್ಚಾಗಿ ಈ ಆಕಾರದ್ದನ್ನೇ ಕೈಗೆ ಕೊಡುತ್ತಾರೆ.

ಮನೆಯಲ್ಲಿ ಎರಡಕ್ಕೂ ಒಂದೇ ಕಂಪನಿಯ ಹೊಸ ತಂತಿ ಹಾಕಿದೆವು. ಇದು ಬಹಳ ಮುಖ್ಯ. ಒಂದರಲ್ಲಿ ಹಳೇ ತಂತಿ, ಇನ್ನೊಂದರಲ್ಲಿ ಹೊಸದು ಇಟ್ಟುಕೊಂಡು ಮರದ ಗುಣ ಚರ್ಚೆ ಮಾಡುವವರನ್ನು ಬಹಳ ನೋಡಿದ್ದೇನೆ. ಆಮೇಲೆ ಒಬ್ಬರು ಗೋಡೆ ಕಡೆ ತಿರುಗಿ ಕೂರುವುದು, ಇನ್ನೊಬ್ಬರು ನುಡಿಸುವುದು.

ಹೇಳಿದರೆ ಹಳೇ ಗಿಟಾರಿನ ಭಕ್ತರಿಗೆ ಬೇಜಾರಾಗಬಹುದು. ಮಂದ್ರದಲ್ಲಿ ಹೊಸದೇ ಗೆದ್ದಿತು. ಸುಲಭವಾಗಿ ಗೆದ್ದಿತು. ಕಾರಣ ಟಾಪಿನ ಒಳಗಿದೆ. ಟಾಪಿಗೆ ಬಲ ಕೊಡುವ ಎಕ್ಸ್ ಆಕಾರದ ಪಟ್ಟಿಗಳು 1930ರ ದಶಕದ ಡಿ-28ರಲ್ಲಿ ಸೌಂಡ್ ಹೋಲಿಗೆ ಹತ್ತಿರ ಇದ್ದವು, ಆ ದಶಕದ ಕೊನೆಗೆ ಬ್ರಿಡ್ಜಿನ ಕಡೆಗೆ ಸರಿಸಿದರು. 1944ರವರೆಗೆ ಆ ಪಟ್ಟಿಗಳನ್ನು ಅಲ್ಲಲ್ಲಿ ಕೆತ್ತಿ ತೆಳುವಾಗಿಯೂ ಮಾಡುತ್ತಿದ್ದರು, ಆಮೇಲೆ ಬಿಟ್ಟರು. ಜನ ದಪ್ಪ ತಂತಿ ಹಾಕುತ್ತಿದ್ದರು, ಟಾಪ್ ತಡೆಯಬೇಕಲ್ಲ. 2017ರ ಡಿ-28ರಲ್ಲಿ ಎಕ್ಸ್ ಮತ್ತೆ ಮುಂದಕ್ಕೆ, ಸೌಂಡ್ ಹೋಲಿನ ಕಡೆಗೆ, ಹೋಗಿದೆ. ಬ್ರಿಡ್ಜಿನ ಸುತ್ತ ಟಾಪ್ ಅಲ್ಲಾಡಲು ಜಾಗ ಜಾಸ್ತಿ. ಅಂದರೆ ಹೊಸ ಗಿಟಾರಿನ ಒಳಗಿನ ಕಟ್ಟು ನನ್ನ 1970ರದ್ದಕ್ಕಿಂತ ಹಳೇ ಕಾಲದ್ದು! ಅಂಚಿಗೆ ಕೂರಿಸುವ ಬೈಂಡಿಂಗಿನ ಹಳದಿ ಛಾಯೆ, ಆಮೆ ಚಿಪ್ಪಿನ ಬಣ್ಣದ ಪಿಕ್‌ಗಾರ್ಡ್ ಕೂಡ ಹಳೆಯದರ ಹಾಗೇ ಮಾಡಿದ್ದಾರೆ. ನಟ್ ಮಾತ್ರ ಅಗಲ, 44.5 ಮಿಲಿಮೀಟರ್. ನನ್ನದು 43ರ ಆಸುಪಾಸು. ನನ್ನ ಬೆರಳಿಗೆ ಕಿರಿದೇ ಹಿತ.

ಆದರೆ ಒಂದೊಂದೇ ತಂತಿ ಮೀಟುವಾಗ 1970ರದ್ದು ಬೇರೆ. ಸ್ವರ ಬೇಗ ಏಳುತ್ತದೆ, ಬೇಗ ಜಾಗ ಬಿಡುತ್ತದೆ. ಒಂದು ಸ್ವರದ ಮೇಲೆ ಇನ್ನೊಂದು ಬಂದು ಬೀಳುವುದಿಲ್ಲ. ಹಾಡಿನ ಜೊತೆಗೆ ನುಡಿಸಲು ಗೆಳೆಯ ಅದನ್ನೇ ಆರಿಸಿದ. ಅದಕ್ಕೆ ಮರದ ವಯಸ್ಸು ಕಾರಣವೋ, ಒಳಗಿನ ದೊಡ್ಡ ಪಟ್ಟಿ ಕಾರಣವೋ ಅಂತ ನಾವಿಬ್ಬರೂ ಊಟದ ಹೊತ್ತಿಗೂ ಜಗಳ ಆಡುತ್ತಿದ್ದೆವು. ಎರಡರ ಹಿಂಭಾಗವೂ ಬೀಟೆಯೇ. ಹಾಗಾಗಿ ಬ್ರೆಜಿಲ್, ಭಾರತ ಅನ್ನುವ ವಾದಕ್ಕೆ ಜಾಗ ಇರಲಿಲ್ಲ. ಕಟ್ಟುವ ರೀತಿಯೇ ಇಷ್ಟು ವ್ಯತ್ಯಾಸ ಮಾಡುತ್ತದೆ ಅಂದಮೇಲೆ, ಹಿಂಭಾಗದ ಮರದ ಹೆಸರಿಗೆ ಅಷ್ಟೊಂದು ದುಡ್ಡು ಕೊಡುವುದು ಸಂಗ್ರಹಕಾರರ ಮೋಹ ಅಂತ ನನಗನಿಸುತ್ತದೆ.

ಇನ್ನು ದೊಡ್ಡಪ್ಪನ ಪರ್ಮಿಟ್ ವಿಷಯ. ಕಾಡು ಜೀವ, ಮರಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಅನ್ನುವ ಅಂತಾರಾಷ್ಟ್ರೀಯ ಒಪ್ಪಂದ ಇದೆ. ಬ್ರೆಜಿಲ್ ರೋಸ್‌ವುಡ್ 1992ರಿಂದ ಅದರ ಅತಿ ಬಿಗಿಯಾದ ಪಟ್ಟಿಯಲ್ಲಿದೆ. ಅಂಥ ಗಿಟಾರನ್ನು ದೇಶ ದಾಟಿಸಲು ಕಾಗದಪತ್ರ ಬೇಕೇ ಬೇಕು. 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲವನ್ನೇ ಎರಡನೇ ಪಟ್ಟಿಗೆ ಸೇರಿಸಿದರು. ಗಡಿ ದಾಟಿಸಿ ಗಿಟಾರ್ ಮಾರುವವರು ಒದ್ದಾಡಿ ಹೋದರು. 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ, ಆದರೆ ಬ್ರೆಜಿಲ್ ಮರಕ್ಕೆ ಆ ವಿನಾಯಿತಿ ಇಲ್ಲ. ಅಂಗಡಿಯ ಚೀಟಿಯಲ್ಲಿ ಬರೆದದ್ದು ನಿಜವಾಗಿದ್ದರೆ ನಾನು ದುಪ್ಪಟ್ಟು ದುಡ್ಡೂ ಕೊಡಬೇಕಿತ್ತು, ಊರಿಗೆ ಒಯ್ಯಲು ಕಾಗದಪತ್ರಕ್ಕೂ ಅಲೆಯಬೇಕಿತ್ತು.

ಊರಿಗೆ ಒಯ್ಯುವುದು ಮಾತ್ರ ಮಳೆಗಾಲದಲ್ಲಿ ಅಲ್ಲ. ಗಿಟಾರಿಗೆ ಗಾಳಿಯ ತೇವ ಶೇಕಡಾ 45ರಿಂದ 55 ಇದ್ದರೆ ಹಿತ. ಆಷಾಢದಲ್ಲಿ ನಮ್ಮ ಮನೆಯಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಇನ್ನು ಗಿಟಾರ್ ಉಬ್ಬದೆ ಇರುತ್ತದಾ? ಮಾಘದ ಹೊತ್ತಿಗೆ ಹೋಗೋಣ ಅಂತಿದ್ದೇನೆ. ದೊಡ್ಡಪ್ಪನಿಗೆ ತಿಳಿಸಿದೆ. "ತಗೊಂಡು ಬಾ. ಆ ಮಂಚದ ಒಂದು ಕಾಲು ಅಲ್ಲಾಡ್ತಿದೆ, ನಿನ್ನ ಅಮೆರಿಕದವರು ಹೆಂಗೆ ಬಿಚ್ಚಿದ್ರು ಅಂತ ನಮ್ಮ ಆಚಾರಿಗೆ ಹೇಳುವೆಯಂತೆ" ಅಂದರು.